ಹಳ್ಳಿ ಶಾಲೆಯ ಮಕ್ಕಳಿಗೆ ದೂರದಿಂದ ಆಪ್ತಸಮಾಲೋಚನೆ: ಮೊದಲ ವರ್ಷ ಮುಗಿದಾಗ

ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕಿನ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ, ಒಂದು ವಸತಿ ಶಾಲೆಯಲ್ಲಿ ವಿಡಿಯೊ ಮೂಲಕ ಆಪ್ತಸಮಾಲೋಚನೆ ನಡೆಸುವ ಕೆಲಸದ ಮೊದಲ ವರ್ಷ ಈಗಷ್ಟೇ ಮುಗಿದಿದೆ. ಇದೇ ಕೆಲಸಕ್ಕೆ ಕೈಹಾಕಬೇಕೆಂದಿರುವವರು ಮೊದಲು ಕೇಳುವುದು ಯಾವ ಆ್ಯಪ್, ಯಾವ ಟ್ಯಾಬ್ ಅಂತ. ಅದು ಎಲ್ಲಕ್ಕಿಂತ ಸುಲಭದ ಭಾಗ. ಸಮಾಲೋಚಕರು ಬೆಂಗಳೂರಿನಲ್ಲಿ ಕೂತರೂ ನಡೆಯುತ್ತದೆ, ಧಾರವಾಡದಲ್ಲಿ ಕೂತರೂ ನಡೆಯುತ್ತದೆ. ಕರೆ ಕಡಿದು ಮಗು ಅಳುತ್ತಾ ಕೂತಾಗ ಬಾಗಿಲು ತೆಗೆದು ಒಳಗೆ ಬರುವ ಒಬ್ಬ ದೊಡ್ಡವರು ಅದೇ ಶಾಲೆಯಲ್ಲಿ ಇಲ್ಲದಿದ್ದರೆ ಮಾತ್ರ ಯಾವುದೂ ನಡೆಯುವುದಿಲ್ಲ. ವರ್ಷದ ಶ್ರಮದಲ್ಲಿ ಹೆಚ್ಚಿನ ಪಾಲು ಹೋದದ್ದು ಆ ತುದಿಯನ್ನು ಕಟ್ಟುವುದಕ್ಕೇ.

ಅನುಮತಿಯ ಕಡತ

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಅನುಮತಿ ಕೇಳಲು ಹೋದರೆ ಅರ್ಧ ವರ್ಷ ಹೋಯಿತೆಂದೇ ಲೆಕ್ಕ. ದಾಖಲಾತಿ, ಪಠ್ಯಪುಸ್ತಕ, ಸಮವಸ್ತ್ರ, ಶಿಕ್ಷಕರ ವರ್ಗಾವಣೆ ಅಂತ ಆಗ ಯಾರಿಗೂ ಪುರುಸೊತ್ತಿರುವುದಿಲ್ಲ. ಮಾರ್ಚ್‌ನಲ್ಲೇ ಅರ್ಜಿ ಕೊಟ್ಟು, ಮೇ ಮುಗಿಯುವುದರೊಳಗೆ ಪತ್ರ ಕೈಗೆ ಬರುವಂತೆ ನೋಡಿಕೊಳ್ಳಬೇಕು.

ಕಡತದಲ್ಲಿ ಇರಬೇಕಾದವು: ಸಂಸ್ಥೆಯ ನೋಂದಣಿ ಪತ್ರ, ಮನೋವೈದ್ಯರ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ, ಕ್ಲಿನಿಕಲ್ ಸೈಕಾಲಜಿಸ್ಟ್ ಇದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ, ಮಕ್ಕಳೊಂದಿಗೆ ಮಾತಾಡುವ ಪ್ರತಿಯೊಬ್ಬರ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ, ಮಕ್ಕಳ ರಕ್ಷಣಾ ನೀತಿ, ಪೋಷಕರ ಒಪ್ಪಿಗೆ ಪತ್ರದ ನಮೂನೆ, ಯು-ಡೈಸ್ ಸಂಖ್ಯೆ (ಪ್ರತಿ ಶಾಲೆಗೆ ಸರ್ಕಾರ ಕೊಟ್ಟ ಗುರುತಿನ ಸಂಖ್ಯೆ) ಸಹಿತ ಶಾಲೆಗಳ ಪಟ್ಟಿ. ಹೆಚ್ಚು ಕಾಯಿಸುವುದು ಪೊಲೀಸ್ ಪ್ರಮಾಣಪತ್ರ. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವ ಕೆಲಸ ಮಿಕ್ಕೆಲ್ಲಕ್ಕಿಂತ ಮೊದಲು ಆಗಲಿ.

ಆಮೇಲೆ ಬರುವುದು ಎರಡು ಇಲಾಖೆಗಳ ನಡುವಿನ ಓಡಾಟ. ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿಯಲ್ಲಿ ‘ಇದು ಆರೋಗ್ಯ ಇಲಾಖೆಗೆ ಬರುತ್ತದಲ್ಲ’ ಅನ್ನುತ್ತಾರೆ, ಆರೋಗ್ಯ ಇಲಾಖೆಯಲ್ಲಿ ‘ಶಾಲೆ ಅಂದಮೇಲೆ ಶಿಕ್ಷಣ ಇಲಾಖೆಯದೇ’ ಅನ್ನುತ್ತಾರೆ. ಇದರಿಂದ ಬಿಡಿಸಿಕೊಳ್ಳುವ ದಾರಿ ಒಂದೇ. ಆಯುಷ್ಮಾನ್ ಭಾರತ್ ಅಡಿಯಲ್ಲಿ 2020ರಲ್ಲಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮ ಎರಡೂ ಇಲಾಖೆಗೆ ಸೇರಿದ್ದು, ಅದರ 11 ವಿಷಯಗಳಲ್ಲಿ ಭಾವನಾತ್ಮಕ ಮತ್ತು ಮಾನಸಿಕ ಆರೋಗ್ಯವೂ ಒಂದು. ಅದನ್ನೇ ಉಲ್ಲೇಖವಾಗಿ ಕೊಟ್ಟು ಒಂದೇ ಪತ್ರವನ್ನು ಇಬ್ಬರಿಗೂ ಬರೆದು, ಒಬ್ಬರ ಪ್ರತಿಯಲ್ಲಿ ಇನ್ನೊಬ್ಬರ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕಡತ ತಾನಾಗಿ ಚಲಿಸುತ್ತದೆ ಅಂತಲ್ಲ, ವಾಪಸು ಬರುವುದು ನಿಲ್ಲುತ್ತದೆ.

ವಸತಿ ಶಾಲೆಯ ವಿಷಯ ಬೇರೆಯೇ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಶಾಲೆಗಳು ವಸತಿ ಶಿಕ್ಷಣ ಸಂಸ್ಥೆಗಳ ಸಂಘದ ಕೆಳಗೆ ಬರುತ್ತವೆ. ಶಿಕ್ಷಣ ಇಲಾಖೆಯ ಪತ್ರ ಹಿಡಿದು ಹೋದರೆ ಪ್ರಾಂಶುಪಾಲರು ನಯವಾಗಿ ಚಹಾ ಕುಡಿಸಿ ಕಳಿಸುತ್ತಾರೆ. ಅಲ್ಲಿಗೆ ಪ್ರತ್ಯೇಕ ಅರ್ಜಿ ಬೇಕು.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಈ ಹಂತದಲ್ಲೇ ಕಾಣಬೇಕು. ಇಡೀ ದೇಶದ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಕೆಲಸ. ನಮ್ಮ ಭಾಗದಲ್ಲೇ ಹುಟ್ಟಿದ್ದು ಅನ್ನುವ ಹೆಮ್ಮೆ ಕಚೇರಿಗಳಲ್ಲಿ ಅಷ್ಟಾಗಿ ಕಾಣದು. ಏನೇ ಇರಲಿ, ಔಷಧ ಬೇಕಾಗುವ ಮಗುವನ್ನು ಕೊನೆಗೆ ಕಳಿಸಬೇಕಾದದ್ದು ಇದೇ ತಂಡದ ಬಳಿಗೆ. ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ, ಯಾವ ಕೊಠಡಿ ಎಂಬುದನ್ನು ಆಸ್ಪತ್ರೆಯಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. ಗೋಡೆಯ ಮೇಲಿನ ಬೋರ್ಡ್ ನಂಬಬೇಡಿ.

ಶಿಕ್ಷಕರು, ಕೊಠಡಿ, ಸಾಮಾನು

ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯಿಂದ ಒಬ್ಬ ಶಿಕ್ಷಕ, ಒಬ್ಬ ಶಿಕ್ಷಕಿಗೆ ತರಬೇತಿ ಕೊಡುವ ಪದ್ಧತಿ ಇದೆ. ಶಾಲೆಯ ಕಡೆಯಿಂದ ಈ ಕೆಲಸ ನೋಡಿಕೊಳ್ಳುವ ನೋಡಲ್ ಶಿಕ್ಷಕರನ್ನು ಅವರಲ್ಲೇ ಆರಿಸುವುದು ಒಳ್ಳೆಯದು, ಇಬ್ಬರನ್ನೂ. ಒಬ್ಬರು ಚುನಾವಣೆ ಕೆಲಸಕ್ಕೋ ಸಮೀಕ್ಷೆಗೋ ಹೋದ ದಿನ ಇನ್ನೊಬ್ಬರಿರಬೇಕು. ಶಾಲೆಯಲ್ಲಿ ಬೆತ್ತ ಹಿಡಿಯುವವರು ಯಾರೆಂದು ಮಕ್ಕಳನ್ನೇ ಕೇಳಿ ತಿಳಿದುಕೊಂಡು, ಅವರನ್ನು ಬಿಟ್ಟು ಆರಿಸಿ. ತರಬೇತಿ ಎರಡು ದಿನ ಸಾಕು. ಅದರಲ್ಲಿ ಮನೋವಿಜ್ಞಾನ ಕಡಿಮೆ ಇರಲಿ. ಮಗು ಅತ್ತಾಗ ಏನು ಹೇಳಬಾರದು, ಕರೆ ಕಡಿದಾಗ ಏನು ಮಾಡಬೇಕು, ಯಾವ ಮಾತನ್ನು ಅದೇ ದಿನ ದಾಟಿಸಬೇಕು ಎಂಬುದನ್ನೇ ಮಾಡಿಸಿ ನೋಡಿ.

ಕೊಠಡಿ ಸಿಗುವುದು ಕಷ್ಟ. ಮುಖ್ಯ ಶಿಕ್ಷಕರು ತಮ್ಮ ಕೊಠಡಿಯನ್ನೇ ಪ್ರೀತಿಯಿಂದ ಬಿಟ್ಟುಕೊಡುತ್ತಾರೆ. ಒಪ್ಪಿಕೊಳ್ಳಬೇಡಿ. ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಐದು ನಿಮಿಷಕ್ಕೊಬ್ಬರು ಬರುವ ಜಾಗ ಅದು, ಅಲ್ಲದೆ ಮಗುವಿಗೆ ಅದು ಬೈಗುಳ ತಿನ್ನುವ ಕೋಣೆ. ಗ್ರಂಥಾಲಯ, ವಿಜ್ಞಾನ ಪ್ರಯೋಗಾಲಯ ಆಗಬಹುದು. ಹೊರಗಿನಿಂದ ಕಿಟಕಿಯಲ್ಲಿ ಮಗು ಕಾಣಬೇಕು, ಮಾತು ಕೇಳಬಾರದು. ಮುಚ್ಚಿದ ಕೋಣೆಯಲ್ಲಿ ಮಗು ಯಾರಿಗೂ ಕಾಣದೆ ಕೂರುವುದು ಸುರಕ್ಷಿತವಲ್ಲ. ಬಿಸಿಯೂಟದ ಕೋಣೆಯ ಪಕ್ಕ ಬೇಡ, ಪಾತ್ರೆ ಸದ್ದಿಗೆ ಮೈಕ್ ಸೋಲುತ್ತದೆ. ತಗಡಿನ ಚಾವಣಿ ಇದ್ದರೆ ಮಳೆಗಾಲದಲ್ಲಿ ಬೇರೆ ಜಾಗ ಗೊತ್ತುಮಾಡಿಟ್ಟಿರಬೇಕು.

ಸಾಮಾನು ಹೆಚ್ಚೇನಿಲ್ಲ. 10 ಇಂಚಿನ ಟ್ಯಾಬ್ ಸುಮಾರು 15ರಿಂದ 18 ಸಾವಿರ, ಕಣ್ಣಿನ ಮಟ್ಟಕ್ಕೆ ಎತ್ತುವ ಸ್ಟ್ಯಾಂಡ್, ತಂತಿಯ ಹೆಡ್‌ಸೆಟ್ ಒಂದು ಸಾವಿರದೊಳಗೆ, 20,000 ಎಂಎಎಚ್‌ನ ಪವರ್ ಬ್ಯಾಂಕ್. ಬ್ಲೂಟೂತ್ ಹೆಡ್‌ಸೆಟ್ ಬೇಡ. ಚಾರ್ಜ್ ಮಾಡಿಡುವುದು ಯಾರಿಗೂ ನೆನಪಿರುವುದಿಲ್ಲ. ಈಗಿನ ಅನೇಕ ಟ್ಯಾಬ್‌ಗಳಲ್ಲಿ ದುಂಡು ಪಿನ್ನಿನ ತೂತೇ ಇಲ್ಲ, ಹೆಡ್‌ಸೆಟ್ ಕೊಳ್ಳುವ ಮುಂಚೆ ನೋಡಿಕೊಳ್ಳಿ. ಒಂದೇ ಹೆಡ್‌ಸೆಟ್ ಹತ್ತು ಮಕ್ಕಳ ತಲೆಗೆ ಹೋದರೆ ಹೇನು ಹರಡುತ್ತದೆ ಎಂಬ ದೂರು ಎರಡನೇ ವಾರಕ್ಕೇ ಬರುತ್ತದೆ. ಬಳಸಿ ಎಸೆಯುವ ಬಟ್ಟೆ ಕವರ್, ಸ್ಪಿರಿಟ್, ಹತ್ತಿ ಇಟ್ಟುಕೊಂಡರೆ ದೂರು ನಿಲ್ಲುತ್ತದೆ.

ಸಿಗ್ನಲ್ ಪರೀಕ್ಷಿಸುವುದು ಶಾಲೆಯ ಗೇಟಿನಲ್ಲಲ್ಲ, ಮಗು ಕೂರುವ ಕುರ್ಚಿಯ ಮೇಲೆ. ಮೂರು ಕಂಪನಿಯ ಸಿಮ್ ಒಯ್ದು, ಸೆಷನ್ ನಡೆಯುವ ಹೊತ್ತಿನಲ್ಲೇ ನೋಡಬೇಕು. ಒಂದು ಎಂಬಿಪಿಎಸ್ ಏರಿಳಿತವಿಲ್ಲದೆ ಬಂದರೆ ವಿಡಿಯೊ ನಡೆಯುತ್ತದೆ. ಅಷ್ಟಿಲ್ಲದಿದ್ದರೆ ಮೊದಲ ಐದು ನಿಮಿಷ ಮುಖ ನೋಡಿ, ಆಮೇಲೆ ವಿಡಿಯೊ ಬಂದ್ ಮಾಡಿ ಧ್ವನಿಯಲ್ಲೇ ಮುಂದುವರಿಸುವುದು ಮೇಲು. ಚಿತ್ರ ನಿಂತು ನಿಂತು ಬರುವಾಗ ಮಗು ತಾನೇನೋ ತಪ್ಪು ಹೇಳಿದೆ ಅಂದುಕೊಳ್ಳುತ್ತದೆ. ಪರದೆಯಲ್ಲಿ ಮಗುವಿನ ಸ್ವಂತ ಮುಖ ಕಾಣದಂತೆ ಮರೆಮಾಡುವುದನ್ನೂ ಮರೆಯಬೇಡಿ. ಎಂಟನೇ ತರಗತಿಯ ಹುಡುಗಿ ಅರ್ಧ ಹೊತ್ತು ಜಡೆ ಸರಿಮಾಡಿಕೊಳ್ಳುವುದರಲ್ಲೇ ಕಳೆಯುತ್ತಾಳೆ.

ಒಪ್ಪಿಗೆ, ಗುಳೆ

ಎಲ್ಲಕ್ಕಿಂತ ಬೆವರಿಳಿಸಿದ್ದು ಇದು. 18 ತುಂಬದ ಮಗುವಿಗೆ ಪೋಷಕರ ಒಪ್ಪಿಗೆ ಬೇಕು, ಜೊತೆಗೆ ಮಗುವಿನ ಸ್ವಂತ ಒಪ್ಪಿಗೆಯೂ ಬೇಕು. 2020ರ ಮಾರ್ಚ್‌ನ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ವೈದ್ಯರು ದೂರದಿಂದ ಅಪ್ರಾಪ್ತರನ್ನು ನೋಡುವಾಗ ಗುರುತು ಖಚಿತವಾದ ಒಬ್ಬ ವಯಸ್ಕರು ಜೊತೆಗಿರಲೇಬೇಕು. ಆದರೆ ಈ ಭಾಗದಲ್ಲಿ ಸುಗ್ಗಿ ಮುಗಿದದ್ದೇ ತಂದೆತಾಯಿ ಗುಳೆ ಹೊರಡುತ್ತಾರೆ. ಬೆಂಗಳೂರಿನ ಕಟ್ಟಡ ಕೆಲಸ, ಪುಣೆ, ಮುಂಬೈ, ಹೈದರಾಬಾದು. ಮನೆಯಲ್ಲಿ ಉಳಿಯುವುದು ಮುತ್ಯಾ, ಆಯಿ (ಅಜ್ಜ, ಅಜ್ಜಿ), ಮಕ್ಕಳು. ಅಜ್ಜಿ ಸಾಕುತ್ತಿದ್ದಾಳೆ ಅಂದಮಾತ್ರಕ್ಕೆ ಕಾನೂನಿನ ಪ್ರಕಾರ ಆಕೆ ಪಾಲಕಿ ಆಗುವುದಿಲ್ಲ.

ಹೀಗಾಗಿ ಒಪ್ಪಿಗೆ ಪತ್ರವನ್ನು ಜೂನ್‌ನಲ್ಲಿ, ದಾಖಲಾತಿಗೆ ಪೋಷಕರು ಬಂದಾಗಲೇ ತೆಗೆದುಕೊಳ್ಳಬೇಕು. ಬಿಟ್ಟುಹೋದವರನ್ನು ನಾಗರಪಂಚಮಿ, ಊರ ಜಾತ್ರೆ, ಮೊಹರಂಗೆ ಊರಿಗೆ ಬಂದಾಗ ಹಿಡಿಯಬೇಕು. ಅಷ್ಟರೊಳಗೆ ಮಗುವಿಗೆ ಅಗತ್ಯ ಬಿದ್ದರೆ ತಂದೆ ಅಥವಾ ತಾಯಿಗೆ ವಿಡಿಯೊ ಕರೆ ಮಾಡಿ, ಪತ್ರವನ್ನು ಪೂರ್ತಿ ಓದಿಹೇಳಿ, ದಿನಾಂಕ, ಸಮಯ, ಸಾಕ್ಷಿಯ ಹೆಸರು ಬರೆದು, ಸಾಕುತ್ತಿರುವ ಅಜ್ಜಿಯ ಹೆಬ್ಬೆಟ್ಟನ್ನೂ ಹಾಕಿಸಿಕೊಳ್ಳುವುದು. ಪೋಷಕರು ಬಂದಾಗ ಸಹಿ ಮಾಡಿಸಿ ಇದಕ್ಕೆ ಸೇರಿಸುವುದು. ಇಂಕ್ ಪ್ಯಾಡ್ ಚೀಲದಲ್ಲಿ ಸದಾ ಇರಲಿ.

ಸಹಿ ಕೇಳಿದರೆ ಜನ ಹೆದರುವುದು ಕಾರಣವಿಲ್ಲದೆ ಅಲ್ಲ. ‘ಇದು ಯಾ ಸ್ಕೀಮಿಂದು ರೀ? ರೊಕ್ಕ ಏನಾರ ಬರ್ತದೇನು?’ ಎಂದು ಒಬ್ಬರು ಕೇಳಿದರೆ, ಪಕ್ಕದವರು ‘ನಮ್ ಹುಡುಗಿಗಿ ಹುಚ್ಚು ಹಿಡದದಂತ ಬರಕೋತೀರೇನು?’ ಅನ್ನುತ್ತಾರೆ. ಪತ್ರ ಒಂದೇ ಪುಟ ಇರಲಿ, ಅಕ್ಷರ ದೊಡ್ಡದಿರಲಿ, ಅದರಲ್ಲಿ ‘ರೋಗ’ ಎಂಬ ಮಾತು ಬೇಡ. ರೇಷನ್ ಕಾರ್ಡಿಗೂ ಇದಕ್ಕೂ ಸಂಬಂಧವಿಲ್ಲ, ಯಾವಾಗ ಬೇಕಾದರೂ ಬಿಡಬಹುದು ಎಂಬ ಎರಡು ಸಾಲು ಇರಲೇಬೇಕು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಮೊದಲು ಸಹಿ ಹಾಕಿದರೆ ಉಳಿದವರು ಹಾಕುತ್ತಾರೆ. ತಾಂಡಾದ ಪೋಷಕರಿಗೆ ಲಂಬಾಣಿ ಬಲ್ಲವರೇ ಓದಿಹೇಳಬೇಕು.

ಗುಟ್ಟಿನ ಮಿತಿಯನ್ನು ಮಗುವಿಗೆ ಮೊದಲ ದಿನವೇ, ಅದು ಏನೂ ಹೇಳುವ ಮುಂಚೆಯೇ ತಿಳಿಸಬೇಕು. ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 21ನೇ ಕಲಂನಲ್ಲಿ ಶಿಕ್ಷೆಯಿದೆ. ‘ನೀನು ಹೇಳಿದ್ದನ್ನ ಯಾರಿಗೂ ಹೇಳಲ್ಲ’ ಎಂದು ಮಾತು ಕೊಟ್ಟು ಆಮೇಲೆ ಠಾಣೆಗೆ ಹೋದರೆ ಆ ಮಗು ಮತ್ತೆಂದೂ ಬಾಯಿ ಬಿಡುವುದಿಲ್ಲ. ಬಾಲ್ಯವಿವಾಹದ ಸುದ್ದಿ ಬಂದರೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಮಕ್ಕಳ ಸಹಾಯವಾಣಿ 1098. ಜೀವಕ್ಕೆ ಅಪಾಯವಿದ್ದರೆ ಯಾವ ಒಪ್ಪಿಗೆ ಪತ್ರಕ್ಕೂ ಕಾಯುವಂತಿಲ್ಲ.

ಯಾರಿಗೆ ಬೇಕು ಎಂದು ತಿಳಿಯುವುದು

ಎಸ್‌ಡಿಕ್ಯೂ ಎಂಬ, ಮಕ್ಕಳ ಮನಸ್ಸಿನ ಮತ್ತು ನಡವಳಿಕೆಯ ತೊಂದರೆ ಅಳೆಯುವ ಪ್ರಶ್ನಾವಳಿ ಕನ್ನಡದಲ್ಲಿ ಇದೆ. 25 ವಾಕ್ಯ, 11ರಿಂದ 17 ವರ್ಷದವರು ತಾವೇ ತುಂಬಬಹುದು, ಶಿಕ್ಷಕರು ತುಂಬುವ ಬೇರೆ ನಮೂನೆಯೂ ಇದೆ. ಕಾಗದದಲ್ಲಿ ಬಳಸಲು ದುಡ್ಡಿಲ್ಲ. ಗೂಗಲ್ ಫಾರ್ಮ್ ಮಾಡಿಕೊಳ್ಳಲು ಹೋಗಬೇಡಿ, ಅದಕ್ಕೆ ಹಕ್ಕುದಾರರ ಅನುಮತಿ ಬೇಕು. ಅಂಕ ಹಾಕುವಾಗ ಎಡವುವುದು ಎರಡು ಕಡೆ. 7, 11, 14, 21, 25ನೇ ವಾಕ್ಯಗಳ ಅಂಕ ತಿರುವುಮುರುವು. ಇತರರಿಗೆ ನೆರವಾಗುವ ಗುಣದ ಐದು ವಾಕ್ಯಗಳನ್ನು ಒಟ್ಟು ತೊಂದರೆಯ ಮೊತ್ತಕ್ಕೆ ಕೂಡಿಸಬಾರದು. ಉಳಿದ 20 ವಾಕ್ಯಗಳಿಂದ 0ಯಿಂದ 40ರವರೆಗೆ ಮೊತ್ತ ಬರಬೇಕು.

ಇಡೀ ತರಗತಿಗೆ ಒಟ್ಟಿಗೆ ಹಂಚಿದರೆ ಮಕ್ಕಳು ಪರೀಕ್ಷೆಯಂತೆ ಪಕ್ಕದವರದನ್ನು ನೋಡಿ ಬರೆಯುತ್ತಾರೆ, ‘ಸರಿಯಾದ ಉತ್ತರ’ ಯಾವುದೆಂದು ಮಾಸ್ತರರನ್ನು ಕೇಳುತ್ತಾರೆ. ಎಂಟು ಹತ್ತು ಮಕ್ಕಳನ್ನು ದೂರದೂರ ಕೂರಿಸಿ, ಒಂದೊಂದೇ ವಾಕ್ಯ ಗಟ್ಟಿಯಾಗಿ ಓದಿ ತುಂಬಿಸಬೇಕು. ಪಿಎಚ್‌ಕ್ಯೂ-9 ಎಂಬ ಖಿನ್ನತೆಯ ಪ್ರಶ್ನಾವಳಿ ಬಳಸುವುದಾದರೆ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಕುರಿತದ್ದು. ಆ ಹಾಳೆಗಳನ್ನು ಶಾಲೆ ಬಿಡುವ ಮುಂಚೆಯೇ ನೋಡಬೇಕು, ಚೀಲಕ್ಕೆ ತುಂಬಿ ಊರಿಗೆ ಒಯ್ಯುವಂತಿಲ್ಲ. ಒಂದು ವಾರದಲ್ಲಿ ಎಷ್ಟು ಮಕ್ಕಳನ್ನು ಮಾತಾಡಿಸಬಲ್ಲಿರೋ ಅಷ್ಟು ಮಕ್ಕಳಿಗೇ ಆ ವಾರ ಪ್ರಶ್ನಾವಳಿ ಕೊಡಿ. ತಾಲ್ಲೂಕಿಗೆಲ್ಲ ಒಂದೇ ಸಲ ಸಮೀಕ್ಷೆ ಮಾಡಿ ಅಂಕಿಅಂಶ ತೋರಿಸುವ ಆಸೆ ಕೆಟ್ಟದ್ದು.

ಅಂಕ ಹೆಚ್ಚು ಬಂತೆಂದು ನೇರ ಸಮಾಲೋಚನೆಗೆ ಹಾಕುವ ಮೊದಲು ಕಣ್ಣು, ಕಿವಿ, ರಕ್ತ ನೋಡಿಸಬೇಕು. ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ) ತಂಡ ಶಾಲೆಗೆ ಬರುತ್ತದೆ, ಅವರ ದಿನಪಟ್ಟಿ ಪಡೆದುಕೊಳ್ಳಿ. ಸದಾ ಸುಸ್ತು, ಪಾಠದಲ್ಲಿ ಗಮನವಿಲ್ಲ, ಅಳುಬುರುಕಿ ಎಂದು ಶಿಕ್ಷಕರು ಕಳಿಸುವ ಹುಡುಗಿಯರಲ್ಲಿ ಕೆಲವರಿಗೆ ಬೇಕಾಗಿದ್ದದ್ದು ಕಬ್ಬಿಣಾಂಶದ ಮಾತ್ರೆ. ಬೋರ್ಡ್ ಕಾಣದ ಹುಡುಗ ‘ಉಡಾಳ’ ಅನ್ನಿಸಿಕೊಂಡಿರುತ್ತಾನೆ. ಓದು ಬರಹದಲ್ಲಿ ನಿಜವಾಗಿ ಕಲಿಕಾ ನ್ಯೂನತೆ ಇದೆ ಅನ್ನಿಸಿದರೆ ಆಗಸ್ಟ್ ಒಳಗೆ ಜಿಲ್ಲಾ ಆಸ್ಪತ್ರೆಗೆ ಕಳಿಸಿ. ಆ ಪರೀಕ್ಷೆ ವಿಡಿಯೊದಲ್ಲಿ ಆಗುವಂಥದ್ದಲ್ಲ, ಪರೀಕ್ಷೆಯಲ್ಲಿ ರಿಯಾಯಿತಿ ಸಿಗಲು ಪ್ರಮಾಣಪತ್ರ ಎಸ್ಸೆಸ್ಸೆಲ್ಸಿ ನೋಂದಣಿಯ ಹೊತ್ತಿಗೆ ಕೈಯಲ್ಲಿರಬೇಕು.

ಸೆಷನ್ ನಡೆಯುವ ರೀತಿ

ಮೊದಲ ಭೇಟಿಗೆ 45 ನಿಮಿಷ, ಆಮೇಲಿನವಕ್ಕೆ 30. ಒಬ್ಬ ಸಮಾಲೋಚಕರಿಗೆ ದಿನಕ್ಕೆ ಐದಕ್ಕಿಂತ ಹೆಚ್ಚು ಮಕ್ಕಳು ಬೇಡ, ಪರದೆ ನೋಡುವ ಆಯಾಸ ಎದುರು ಕೂತು ಮಾತಾಡುವುದಕ್ಕಿಂತ ಜಾಸ್ತಿ. ಗಣಿತ, ವಿಜ್ಞಾನದ ಪಿರಿಯಡ್‌ನಲ್ಲಿ ಮಗುವನ್ನು ಎಬ್ಬಿಸಿದರೆ ಶಿಕ್ಷಕರೂ ಒಪ್ಪುವುದಿಲ್ಲ, ಮಗುವೂ ಬರುವುದಿಲ್ಲ. ಸಂಜೆ ಬಸ್ ತಪ್ಪಿದರೆ ಹುಡುಗಿಯರಿಗೆ ಮನೆಯಲ್ಲಿ ಬೇರೆಯದೇ ಪ್ರಶ್ನೆ.

ವಾರವಾರ ಅದೇ ಮಗು ಎದ್ದು ಹೋಗುವುದನ್ನು ಉಳಿದವರು ನೋಡುತ್ತಾರೆ, ಹೆಸರಿಡುತ್ತಾರೆ. ಇದನ್ನು ತಪ್ಪಿಸಲು ಮೊದಲ ತಿಂಗಳು ತರಗತಿಯ ಎಲ್ಲ ಮಕ್ಕಳನ್ನೂ ಹತ್ತು ಹತ್ತು ನಿಮಿಷ ಅದೇ ಟ್ಯಾಬ್ ಮುಂದೆ ಕೂರಿಸಬೇಕು. ಸಮಯ ಹಾಳು ಅನ್ನಿಸಿದರೂ ಮಾಡಿ. ಸರದಿ ಎಲ್ಲರಿಗೂ ಬರುತ್ತದೆ ಎಂದಾದ ಮೇಲೆ ಅಡ್ಡಹೆಸರು ಅಂಟುವುದಿಲ್ಲ.

ಕರೆ ಶುರುವಾದಾಗ ಸಮಾಲೋಚಕರ ಮುಂದೆ ಒಂದು ಹಾಳೆ ಇರಬೇಕು: ಶಾಲೆಯ ಹೆಸರು, ಇಬ್ಬರು ನೋಡಲ್ ಶಿಕ್ಷಕರ ಮೊಬೈಲ್, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆಗೆ ದೂರ, 108, 112. ಕರೆ ಕಡಿದರೆ ಎರಡು ನಿಮಿಷದೊಳಗೆ ಸಮಾಲೋಚಕರು ನೋಡಲ್ ಶಿಕ್ಷಕರಿಗೆ ಫೋನ್ ಮಾಡುತ್ತಾರೆ, ಮಗು ಕುರ್ಚಿ ಬಿಟ್ಟು ಏಳುವುದಿಲ್ಲ. ಈ ನಿಯಮ ಮಗುವಿಗೂ ಗೊತ್ತಿರಬೇಕು. ಕೋಣೆಗೆ ಯಾರಾದರೂ ಬಂದರೆ ಮಗು ‘ಲೆಕ್ಕದ ಪುಸ್ತಕ ತರಲಿಲ್ಲ’ ಅನ್ನಬೇಕು, ಸಮಾಲೋಚಕರು ತಕ್ಷಣ ಓದಿನ ಮಾತಿಗೆ ತಿರುಗಬೇಕು. ಹೆಡ್‌ಸೆಟ್ ಇದ್ದರೂ ಮಗುವಿನ ಮಾತು ಹೊರಗೆ ಕೇಳುತ್ತದೆ ಎಂಬುದು ನೆನಪಿರಲಿ. ಮನೆಯ ಸಂಗತಿ ಕೇಳುವಾಗ ಹೌದು, ಇಲ್ಲ ಎಂದು ಮುಗಿಯುವ ಪ್ರಶ್ನೆ ಹಾಕಿ, ಅಥವಾ ಕಾಗದದಲ್ಲಿ ಬರೆದು ಕ್ಯಾಮೆರಾಕ್ಕೆ ಹಿಡಿಯಲು ಹೇಳಿ. ಆ ಕಾಗದ ಅಲ್ಲೇ ಹರಿದು ಹಾಕಿಸಿ.

ಮಕ್ಕಳು ದುಃಖ ಎಂದು ಬರುವುದು ಅಪರೂಪ. ಹೊಟ್ಟೆ ಚುಚ್ಚುತ್ತದೆ, ತಲೆ ಸಿಡಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ ಎಂದು ಬರುತ್ತಾರೆ. ಅಪ್ಪನ ಕುಡಿತ, ಪರೀಕ್ಷೆ, ಹಾಸ್ಟೆಲಿನಲ್ಲಿ ರಾತ್ರಿ ಹಾಸಿಗೆ ಒದ್ದೆಯಾಗುವುದು, ಫೋನಿನಲ್ಲಿ ಯಾರೋ ಕಳಿಸಿದ ಚಿತ್ರ, ಎಲ್ಲ ಎರಡನೇ ಮೂರನೇ ಭೇಟಿಯಲ್ಲಿ ಹೊರಬರುತ್ತವೆ. ಈ ಕಡೆಯ ಮಾತು ಬಲ್ಲ ಸಮಾಲೋಚಕರಿದ್ದರೆ ಬೇಗ ಬರುತ್ತವೆ.

ವಸತಿ ಶಾಲೆಯಲ್ಲಿ ಹುಡುಗಿಯೊಬ್ಬಳು ಬಿದ್ದು ಕೈಕಾಲು ಸೆಟೆದುಕೊಂಡರೆ ಉಳಿದವರು ಮುತ್ತಿಕೊಂಡು ಉಳ್ಳಾಗಡ್ಡಿ ಮೂಸಿಸುತ್ತಾರೆ, ಕೈಗೆ ಕೀಲಿಗೊಂಚಲು ಹಿಡಿಸುತ್ತಾರೆ. ಮರುದಿನ ಇನ್ನಿಬ್ಬರು ಬೀಳುವುದೂ ಉಂಟು. ವಾರ್ಡನ್‌ಗೆ ಕಲಿಸಬೇಕಾದದ್ದು: ಗುಂಪು ಚದುರಿಸುವುದು, ಒಂದು ಮಗ್ಗುಲಿಗೆ ಮಲಗಿಸುವುದು, ಬಾಯಿಗೆ ಏನೂ ಹಾಕದಿರುವುದು. ಆಮೇಲೆ ನಾಲ್ಕು ಸಂಗತಿ ಬರೆದಿಡುವುದು: ಎಷ್ಟು ನಿಮಿಷ, ಕಣ್ಣು ತೆರೆದಿತ್ತೋ ಮುಚ್ಚಿತ್ತೋ, ನಾಲಿಗೆ ಕಚ್ಚಿತೋ, ಬಟ್ಟೆಯಲ್ಲಿ ಮೂತ್ರ ಹೋಯಿತೋ. ಮೂರ್ಛೆರೋಗವೋ ಮನಸ್ಸಿನ ಒತ್ತಡವೋ ಎಂದು ತೂಗುವಾಗ ವೈದ್ಯರು ಮೊದಲು ಕೇಳುವುದು ಇವನ್ನೇ. ಐದು ನಿಮಿಷ ದಾಟಿದರೆ ಬರೆಯುತ್ತಾ ಕೂರಬಾರದು, 108. ಮೊದಲ ಸಲ ಬಿದ್ದವರನ್ನು ಆಸ್ಪತ್ರೆಗೆ ಒಯ್ಯಲೇಬೇಕು, ವಿಡಿಯೊ ಸಾಲದು.

ಔಷಧದ ವಿಷಯದಲ್ಲೂ ದೂರದ ಚಿಕಿತ್ಸೆಗೆ ಗಡಿ ಇದೆ. ಮಾರಾಟಕ್ಕೆ ಬಿಗಿ ನಿಯಮವಿರುವ ಶೆಡ್ಯೂಲ್ ಎಕ್ಸ್‌ನ ಔಷಧಗಳನ್ನು ಟೆಲಿ ಮೂಲಕ ಬರೆಯುವಂತಿಲ್ಲ, ಗಮನದ ಕೊರತೆಗೆ ಕೊಡುವ ಮೀಥೈಲ್‌ಫೆನಿಡೇಟ್ ಅದರಲ್ಲಿ ಸೇರಿದೆ. ಅಂಥ ಮಗುವನ್ನು ಮಂಗಳವಾರದ ಕ್ಲಿನಿಕ್‌ಗೋ ಜಿಲ್ಲಾ ಆಸ್ಪತ್ರೆಗೋ ಕರೆದೊಯ್ಯಬೇಕು. ಯೋಜನೆಯ ಬಜೆಟ್ ಬರೆಯುವವರು ಬಿಟ್ಟುಬಿಡುವ ಸಾಲು ಇದೇ. ತಾಯಿ ಆಸ್ಪತ್ರೆಗೆ ಬಂದರೆ ಆ ದಿನದ ಹತ್ತಿ ಬಿಡಿಸುವ ಕೂಲಿ ಹೋಯಿತು, ಮೇಲೆ ಬಸ್ ಅಥವಾ ಟಂಟಂ ಖರ್ಚು. ಅದನ್ನು ಕೊಡದಿದ್ದರೆ ಎರಡನೇ ಸಲ ಬರುವುದಿಲ್ಲ, ಬಾರದವರನ್ನು ದೂರುವುದರಲ್ಲಿ ಅರ್ಥವೂ ಇಲ್ಲ. ಟ್ಯಾಬ್‌ಗೆ ಕೊಟ್ಟ ಹಣಕ್ಕಿಂತ ಈ ಸಾಲಿಗೆ ಹೆಚ್ಚು ಇಡಿ.

ಫೋಟೊ, ಹಾಜರಿ, ರಜೆ

ವರ್ಷದ ಮಧ್ಯೆ ಒಂದು ಕಚೇರಿಯಿಂದ ಪ್ರಗತಿ ವರದಿಯ ಜೊತೆ ಜಿಪಿಎಸ್ ಫೋಟೊ ಕೇಳಿ ಸಂದೇಶ ಬರುತ್ತದೆ: ಫಲಾನುಭವಿ ಮಗು, ಟ್ಯಾಬ್, ಶಿಕ್ಷಕರು ಒಂದೇ ಚೌಕಟ್ಟಿನಲ್ಲಿ. ಕೋಪ ಬಂದರೂ ಜಗಳ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ ಗೋಪ್ಯತೆಯ ಹಕ್ಕು ಕೊಡುತ್ತದೆ ಎಂದು ಉಲ್ಲೇಖಿಸಿ, ಖಾಲಿ ಕುರ್ಚಿ ಮತ್ತು ಟ್ಯಾಬ್‌ನ ಫೋಟೊ, ಮಕ್ಕಳ ಸಂಖ್ಯೆ ಮಾತ್ರ ಕಳಿಸಿ. ನೋಡಲ್ ಶಿಕ್ಷಕರಿಗೂ ಮೊದಲೇ ಹೇಳಿಡಬೇಕು: ಹೆಸರಿನ ಪಟ್ಟಿ ಯಾವ ವಾಟ್ಸ್ಆ್ಯಪ್ ಗುಂಪಿಗೂ ಹೋಗಬಾರದು. ಮಗುವಿಗೊಂದು ಸಂಕೇತ ಸಂಖ್ಯೆ, ಹೆಸರಿನ ಪಟ್ಟಿ ಒಂದೇ ಪ್ರತಿ, ಬೀಗದೊಳಗೆ. ಸೆಷನ್ ರೆಕಾರ್ಡ್ ಮಾಡುವ ಗುಂಡಿಯನ್ನು ಸೆಟ್ಟಿಂಗ್‌ನಲ್ಲೇ ಮುಚ್ಚಿಬಿಡಿ.

ನವೆಂಬರ್, ಡಿಸೆಂಬರ್‌ನಲ್ಲಿ ಹತ್ತಿ, ತೊಗರಿ ಕೆಲಸಕ್ಕೆ ಮಕ್ಕಳೂ ಹೊಲಕ್ಕೆ ಹೋಗುತ್ತಾರೆ, ಸೆಷನ್ ತಪ್ಪುತ್ತದೆ. ಮೂರು ವಾರ ಕಾಣದ ಮಗುವಿನ ಮನೆಗೆ ನೋಡಲ್ ಶಿಕ್ಷಕರೇ ಹೋಗಿ ಬರಬೇಕು. ದಸರಾ, ಬೇಸಿಗೆ ರಜೆಗೆ ಮುಂಚೆ ಪ್ರತಿ ಮಗುವಿನ ಜೊತೆ ಒಂದು ಹಾಳೆ ತುಂಬಿಸಿ: ಮನಸ್ಸು ಕೆಟ್ಟಾಗ ಮೊದಲು ಏನು ಮಾಡುತ್ತೀಯ, ಮನೆಯಲ್ಲಿ ಯಾರಿಗೆ ಹೇಳುತ್ತೀಯ, ಯಾರ ಫೋನು ಸಿಗುತ್ತದೆ. ಕೊನೆಯ ಸಾಲಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಉಚಿತ ಸೇವೆ, ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. ಹಾಳೆ ಕಳೆದುಹೋಗುತ್ತದೆ, ನೋಟ್‌ಬುಕ್ಕಿನ ರಟ್ಟಿನ ಒಳಗೂ ಬರೆಸಿ. ಮನೆಯಲ್ಲಿ ಕೀಟನಾಶಕದ ಡಬ್ಬಿ ಎಲ್ಲಿದೆ ಎಂದು ಪೋಷಕರನ್ನು ಕೇಳಿ, ಬೀಗ ಹಾಕಿಡಲು ಅಥವಾ ಬೇರೆ ಮನೆಗೆ ಸಾಗಿಸಲು ಹೇಳಿ. ಹತ್ತಿ ಬೆಳೆಯುವ ಊರಿನಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ಹೊತ್ತಿಗೆ ಶಾಲೆಗೆ ಬೀಗ, ಟ್ಯಾಬ್ ಬೀರುವಿನಲ್ಲಿ. ಆದರೆ ಸಮಾಲೋಚಕರು ಫೋನ್ ಹಿಡಿದು ಕೂರಬೇಕಾದ ದಿನ ಅದೇ. ಫಲಿತಾಂಶದ ದಿನಾಂಕ ಪ್ರಕಟವಾದ ಕೂಡಲೇ ನೋಡಲ್ ಶಿಕ್ಷಕರ ಜೊತೆ ಕೂತು ಯಾವ ಮಕ್ಕಳಿಗೆ ತಾವೇ ಮೊದಲು ಕರೆ ಮಾಡಬೇಕೆಂದು ಗುರುತು ಹಾಕಿಕೊಳ್ಳಿ. ಬೆಳಗ್ಗೆ ಒಂದು ಕರೆ, ಸಂಜೆ ಮತ್ತೊಂದು. 2024ರಿಂದ ಪರೀಕ್ಷೆ-1, ಪರೀಕ್ಷೆ-2 ಎಂದು ಅದೇ ವರ್ಷ ಮತ್ತೆ ಬರೆಯುವ ವ್ಯವಸ್ಥೆ ಇದೆ. ಫೇಲಾದ ಮಗುವಿಗೂ ಅದರ ತಂದೆಗೂ ಪರೀಕ್ಷೆ-2ರ ಅರ್ಜಿಯ ಕೊನೆಯ ದಿನಾಂಕವನ್ನು ಅದೇ ಕರೆಯಲ್ಲಿ ಹೇಳಬೇಕು. ಪಾಸಾದವರ ಕಡತವನ್ನು ಪಿಯು ಕಾಲೇಜಿಗೆ ತಾನಾಗಿ ಕಳಿಸುವಂತಿಲ್ಲ. ಮಗು, ಪೋಷಕರು ಇಬ್ಬರೂ ಹೊಸದಾಗಿ ಒಪ್ಪಿದರೆ ಮಾತ್ರ ಒಂದು ಪುಟದ ಸಾರಾಂಶ ಕೊಡಬಹುದು. ಅಷ್ಟರಲ್ಲಿ ವರ್ಗಾವಣೆ ಪಟ್ಟಿ ಬರುತ್ತದೆ, ನೋಡಲ್ ಶಿಕ್ಷಕರಲ್ಲಿ ಒಬ್ಬರು ಬೇರೆ ತಾಲ್ಲೂಕಿಗೆ ಹೋಗಿರುತ್ತಾರೆ, ಬೀರುವಿನ ಕೀಲಿ ಅವರ ಬಳಿಯೇ ಉಳಿದಿರುತ್ತದೆ. ಅದನ್ನು ಏಪ್ರಿಲ್‌ನಲ್ಲೇ ಕೇಳಿ ಇಸಿದುಕೊಳ್ಳಿ.